ಹನ್ನೊಂದನೇ ಹಾಳೆ ಆಳ್ವರ ಕೈಯಲ್ಲಿದೆ

ಚಿತ್ತರಂಜನ ಆಳ್ವರ ಬಗ್ಗೆ ಮಂಗಳೂರಿನ ಹಳೆಯ ಬಸ್ಸಿನವರ ನಡುವೆ ಈಗಲೂ ಎರಡು ಮಾತುಗಳಿವೆ. ಮೊಯ್ದೀನಬ್ಬರಿಂದ ದುಡ್ಡು ತಿಂದು ಹಾಳೆ ಅಡಗಿಸಿಟ್ಟರು ಎನ್ನುವುದು ಒಂದು. ಭಾವನ ಲಾಭಕ್ಕಾಗಿ ಮೊಯ್ದೀನಬ್ಬರ ಬಸ್ಸನ್ನೇ ಮುಳುಗಿಸಿದರು ಎನ್ನುವುದು ಇನ್ನೊಂದು. ಒಬ್ಬನೇ ಮನುಷ್ಯ ಒಂದೇ ಹಾಳೆಯಲ್ಲಿ ಎರಡನ್ನೂ ಮಾಡಲು ಹೇಗೆ ಸಾಧ್ಯ ಎಂದು ಕೇಳಿದರೆ ಹೇಳುವವರು ಮುಖ ತಿರುಗಿಸುತ್ತಾರೆ. ಎರಡೂ ಸುಳ್ಳು. ಆ ನಾಲ್ಕು ತಿಂಗಳು ಅವರ ಮೇಜಿನ ಎದುರು ಟೈಪ್‌ರೈಟರಿನ ಹಿಂದೆ ಕೂತಿದ್ದವಳು ನಾನು, ಗ್ಲ್ಯಾಡಿಸ್; ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವಂತೆ ಆಫೀಸಿನವರಿಗೆ 'ಬಾಯಿ'. ನಿಜ ಅದಕ್ಕಿಂತ ಚಿಕ್ಕದು, ಮತ್ತು ನನ್ನ ಲೆಕ್ಕದಲ್ಲಿ ಅದಕ್ಕಿಂತ ಕೆಟ್ಟದ್ದು.

ನಮ್ಮ ಆಫೀಸು ಬಲ್ಮಠದಲ್ಲಿ ಒಂದು ಔಷಧದ ಅಂಗಡಿಯ ಮೇಲಿನ ಮಾಳಿಗೆಯಲ್ಲಿತ್ತು. ಕೆಲವು ಖಾಸಗಿ ಬಸ್ ಮಾಲಕರು ಸೇರಿ ನಡೆಸುತ್ತಿದ್ದ ಆಫೀಸು. ಪರ್ಮಿಟ್ಟು ಕೊಡುವುದು ಸರಕಾರವೇ. ಆದರೆ ಯಾವ ಬಸ್ಸು ಯಾವ ಸ್ಟಾಪಿಗೆ ಯಾವ ನಿಮಿಷಕ್ಕೆ ಬರಬೇಕು ಎಂಬ ಜಗಳ ಬಂದು ಬೀಳುತ್ತಿದ್ದದ್ದು ನಮ್ಮ ಮಾಳಿಗೆಗೆ. ಬಸ್ಸಿನ ವ್ಯಾಪಾರ ಗೊತ್ತಿಲ್ಲದವರಿಗೆ ನಿಮಿಷದ ಬೆಲೆ ಗೊತ್ತಾಗುವುದಿಲ್ಲ. ಐದು ನಿಮಿಷ ಮುಂದೆ ಹೋಗುವವನಿಗೆ ಜನ ಸಿಗುತ್ತಾರೆ, ಹಿಂದೆ ಬರುವವನಿಗೆ ಅವರು ಬಿಟ್ಟುಹೋದ ಸ್ಟಾಪು ಸಿಗುತ್ತದೆ.

ಆಳ್ವರು ಅಲ್ಲಿನ ಟೈಮಿಂಗ್ ಗುಮಾಸ್ತರು. ಎತ್ತರದ ಆಳು, ಸ್ವಲ್ಪ ಬಗ್ಗಿದ ಬೆನ್ನು, ಮಾತು ಕಡಿಮೆ. ಊರಿನಲ್ಲಿ ಅವರ ಕುಟುಂಬಕ್ಕೆ ಗದ್ದೆಗಳಿದ್ದವು. ಭೂಮಸೂದೆ ಬಂದು ಗದ್ದೆಗಳು ಒಕ್ಕಲುಗಳ ಪಾಲಾದಾಗ ಅವರ ನೆಂಟರೆಲ್ಲ ವಕೀಲರ ಮನೆಗೆ ಅಲೆದರು. ಆಳ್ವರು ಒಂದು ದಿನವೂ ರಜೆ ಹಾಕಲಿಲ್ಲ. "ಉತ್ತದ್ದು ಅವರು, ಅವರಿಗೆ ಹೋಯ್ತು," ಎಂದು ಹೇಳಿ ಹಾಳೆಗೆ ಗೀಟು ಎಳೆಯುತ್ತಾ ಕೂತರು. ಅವರ ಹೆಂಡತಿ ಶಶಿಪ್ರಭಾ ಅದಕ್ಕಾಗಿ ಅವರನ್ನು ಕ್ಷಮಿಸಲಿಲ್ಲ ಎಂದು ಕೇಳಿದ್ದೇನೆ. ಶಶಿಪ್ರಭಾ ಅವರ ಅಣ್ಣ ತಾರಾನಾಥ ಶೆಟ್ಟರು ಹೋಟೆಲು ಇಟ್ಟು, ಬಸ್ಸು ಕಟ್ಟಿ, ಹನ್ನೊಂದು ಬಸ್ಸಿನ ಮಾಲಕರಾಗಿದ್ದರು. ಹಾಗಾಗಿ ಮನೆಯಲ್ಲಿ ಹೋಲಿಸಿ ನೋಡಲು ಒಬ್ಬರು ಸದಾ ಸಿದ್ಧವಿದ್ದರು.

ಹಾಳೆಗಳ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಂದೊಂದು ದಾರಿಗೆ ಒಂದೊಂದು ದಪ್ಪ ಹಾಳೆ. ಅದರಲ್ಲಿ ಆ ದಾರಿಯ ಎಲ್ಲ ಬಸ್ಸುಗಳ ಸಮಯ ಶಾಯಿಯಲ್ಲಿ. ಮೊದಲು ಯಾರು ಬೇಕಾದರೂ ತೆಗೆದು ತಿದ್ದುತ್ತಿದ್ದರಂತೆ. ಒಮ್ಮೆ ಒಂದೇ ದಿನ ಇಬ್ಬರು ಒಂದೇ ಹಾಳೆಯನ್ನು ಒಬ್ಬರಿಗೊಬ್ಬರು ತಿಳಿಸದೆ ತಿದ್ದಿದರು. ಮರುದಿನ ಬೆಳಿಗ್ಗೆ ಕೊಟ್ಟಾರದ ಸ್ಟಾಪಿನಲ್ಲಿ ಎರಡು ಬಸ್ಸು ಒಂದೇ ನಿಮಿಷಕ್ಕೆ ಬಂದು, ಕಂಡಕ್ಟರುಗಳು ಒಬ್ಬರ ಅಂಗಿ ಒಬ್ಬರು ಹರಿದು, ಪೊಲೀಸರು ಬರಬೇಕಾಯಿತು. ಆಮೇಲೆ ಆಳ್ವರು ಒಂದು ಕಟ್ಟಳೆ ಮಾಡಿದರು.

ಹಾಳೆ ತಿದ್ದಬೇಕಾದವನು ಮೊದಲು ರಿಜಿಸ್ಟರಿನಲ್ಲಿ ತನ್ನ ಹೆಸರು ಬರೆದು ಅದನ್ನು ಕೈಗೆ ತೆಗೆದುಕೊಳ್ಳಬೇಕು. ಹಾಳೆಯ ಬೆನ್ನಿನ ಮೇಲೆ ಆ ದಾರಿಯ ಮಾಲಕರ ಹೆಸರುಗಳಿರುತ್ತಿದ್ದವು. ಅವರನ್ನು ನಾವು "ಕಣ್ಣಿಟ್ಟವರು" ಎನ್ನುತ್ತಿದ್ದೆವು. ಅವರಿಗೆಲ್ಲ ಕೂಡಲೇ ಒಂದೊಂದು ಚೀಟಿ ಹೋಗಬೇಕು: ಇಂಥ ನಂಬ್ರದ ಹಾಳೆ ಇಂಥವರ ಕೈಯಲ್ಲಿದೆ, ಬಿಡುವ ತನಕ ಹಳೆಯ ಸಮಯ. ಅಷ್ಟೇ. ಯಾವ ಬಸ್ಸಿನ ಸಮಯ ಬದಲಾಗುತ್ತಿದೆ ಎಂದು ಚೀಟಿಯಲ್ಲಿ ಇರುವುದಿಲ್ಲ, ಬಾಯಲ್ಲಿ ಹೇಳುವಂತೆಯೂ ಇಲ್ಲ. ಅರ್ಧ ಸುದ್ದಿ ಹೊರಗೆ ಹೋದರೆ ರಸ್ತೆಯಲ್ಲಿ ಪೂರ್ತಿ ಜಗಳ. ಒಬ್ಬನ ಕೈಯಲ್ಲಿರುವ ಹಾಳೆಯನ್ನು ಇನ್ನೊಬ್ಬ ಮುಟ್ಟಬಾರದು, ಅಧ್ಯಕ್ಷರೂ ಕೂಡ. ಕೆಲಸ ಮುಗಿದ ಮೇಲೆ ಹಾಳೆಯನ್ನು "ಬಿಡಬೇಕು". ಆಗ ಹೋಗುವ ಚೀಟಿಯಲ್ಲಿ ಎರಡು ಮಾತುಗಳಲ್ಲಿ ಒಂದು ಇರುತ್ತದೆ. ಬದಲಾವಣೆ ಆಗಿದ್ದರೆ ಹೊಸ ಸಮಯದ ಜೊತೆ "ತಿದ್ದಿ ಬಿಟ್ಟಿದೆ". ಬೇಡವೆಂದು ಕೈಬಿಟ್ಟಿದ್ದರೆ "ತಿದ್ದದೆ ಬಿಟ್ಟಿದೆ", ಹಳೆಯದೇ ಮುಂದುವರಿಯುತ್ತದೆ. ಕೆಳಗೆ ಕೈಗೆ ತೆಗೆದುಕೊಂಡ ತಾರೀಕು, ಬಿಟ್ಟ ತಾರೀಕು.

ಈ ಕಟ್ಟಳೆ ಬಂದ ಮೇಲೆ ಏಳು ವರ್ಷ ಯಾರ ಅಂಗಿಯೂ ಹರಿಯಲಿಲ್ಲ. ಆಳ್ವರು ಒಂದು ಹಾಳೆಯನ್ನು ಹೆಚ್ಚೆಂದರೆ ಎರಡು ದಿನ ಇಟ್ಟುಕೊಳ್ಳುತ್ತಿದ್ದರು.

ಮೊಯ್ದೀನಬ್ಬರು ಹಳೆಯ ಬಂದರು ಪೇಟೆಯ ಬ್ಯಾರಿ ಮುಸ್ಲಿಮರು. ಒಣಮೀನಿನ ಗೋದಾಮೊಂದರಲ್ಲಿ ಅವರಿಗೆ ಪಾಲಿತ್ತು. 1972ರಲ್ಲಿ ಅವರಿಗೆ ಬಸ್ಸಿನ ಆಸೆ ಹುಟ್ಟಿತು. ಸುರತ್ಕಲ್ ದಾರಿಯಲ್ಲಿ ಒಳ್ಳೆಯ ಸಮಯಗಳೆಲ್ಲ ದೊಡ್ಡವರ ಕೈಯಲ್ಲಿದ್ದವು. ಉಳಿದದ್ದು ಕೊಟ್ಟಾರದಲ್ಲಿ ಬೆಳಿಗ್ಗೆ ಎಂಟು ಗಂಟೆ ನಾಲ್ಕು ನಿಮಿಷ, ಬಸ್ಸಿನವರ ಬಾಯಲ್ಲಿ ಎಂಟು ನಾಲ್ಕು; ಆಗ ಅದು ಯಾರಿಗೂ ಬೇಡದ ಸಮಯ. ಅವರು ಆಳ್ವರ ಮೇಜಿನ ಎದುರು ಕೂತು ತೆಗೆದುಕೊಳ್ಳಲೋ ಬೇಡವೋ ಎಂದು ಕೇಳಿದರಂತೆ. ಆಳ್ವರು ತಮ್ಮ ರೂಢಿಗೆ ವಿರುದ್ಧವಾಗಿ ಸಲಹೆ ಕೊಟ್ಟರು. "ತೆಗೊಳ್ಳಿ ಬ್ಯಾರಿಗಳೇ. ಪಣಂಬೂರಿನಲ್ಲಿ ಹೊಸ ಬಂದರು ಆಗ್ತಾ ಉಂಟು. ಅಲ್ಲಿ ಎಂಟೂವರೆಗೆ ಕೆಲಸಕ್ಕೆ ಹೋಗುವವರೆಲ್ಲ ನಿಮ್ಮ ಬಸ್ಸಿಗೇ ಬರ್ಬೇಕು. ಎರಡು ವರ್ಷ ತಡಕೊಳ್ಳಿ."

ಆ ಮಾತಿನ ಮೇಲೆ ಮೊಯ್ದೀನಬ್ಬರು ಗೋದಾಮಿನ ಪಾಲು ಮಾರಿ ಬಸ್ಸು ತೆಗೆದರು. ಎರಡಲ್ಲ, ಮೂರು ವರ್ಷ ಖಾಲಿ ಬಸ್ಸು ಓಡಿಸಿದರು. ಆಮೇಲೆ ಬಂದರು ಶುರುವಾಯಿತು, ಸುತ್ತಮುತ್ತ ಕಾರ್ಖಾನೆ ಬಂತು, ಎಂಟು ನಾಲ್ಕರ ಬಸ್ಸಿನಲ್ಲಿ ಫುಟ್‌ಬೋರ್ಡಿನ ಮೇಲೂ ಜಾಗ ಇಲ್ಲದಾಯಿತು. ಮಗಳು ಖೈರುನ್ನಿಸಾಳನ್ನು ರವೂಫನಿಗೆ ಕೊಟ್ಟರು, ರವೂಫನಿಗೆ ಬಸ್ಸಿನ ಸ್ಟೇರಿಂಗ್ ಕೊಟ್ಟರು. ಆ ಒಂದು ಬಸ್ಸಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ಬೆಳಗ್ಗಿನ ಆ ಒಂದು ಟ್ರಿಪ್ಪಿನ ಮೇಲೆ, ಎರಡು ಸಂಸಾರ ನಿಂತಿತ್ತು.

ಜನ ತುಂಬಿದ ಬಸ್ಸನ್ನು ನೋಡಿದರೆ ಮಾಲಕರ ಕಣ್ಣು ಅಲ್ಲೇ ನಿಲ್ಲುತ್ತದೆ. 1978ರ ಮೇ ತಿಂಗಳಲ್ಲಿ ತಾರಾನಾಥ ಶೆಟ್ಟರು ತಮ್ಮ ಒಂದು ಬಸ್ಸಿಗೆ ಕೊಟ್ಟಾರದಲ್ಲಿ ಏಳು ಐವತ್ತೆಂಟರ ಸಮಯ ಕೇಳಿದರು. ಮೊಯ್ದೀನಬ್ಬರಿಗಿಂತ ಆರು ನಿಮಿಷ ಮುಂದೆ. ಐದು ಜನರ ಕಮಿಟಿಯಲ್ಲಿ ಮೂವರು ಅವರ ಹೋಟೆಲಿನಲ್ಲಿ ಊಟ ಮಾಡುವವರು. ಒಪ್ಪಿಗೆಯಾಯಿತು. ಕಮಿಟಿ ಮುಗಿದ ಮೇಲೆ ಅಧ್ಯಕ್ಷರು ಆಳ್ವರಿಗೆ ನಿರ್ಣಯದ ಪುಸ್ತಕ ಕೊಟ್ಟು, "ಹನ್ನೊಂದನೇ ಹಾಳೆ. ನಾಳೆ ಬಿಡಿ," ಎಂದರು.

ಆಳ್ವರು ಹಾಳೆ ತೆಗೆದರು. ರಿಜಿಸ್ಟರಿನಲ್ಲಿ ಹೆಸರು ಬರೆದರು. ನಾನು ಹದಿನಾರು ಚೀಟಿ ಟೈಪ್ ಮಾಡಿದೆ, ಪಿಯೋನ್ ಅಣ್ಣು ಸೈಕಲಿನಲ್ಲಿ ಹೋಗಿ ಹಂಚಿ ಬಂದ. ಅದರಲ್ಲಿ ಒಂದು ಬಂದರಿನ ಮೊಯ್ದೀನಬ್ಬರ ಮನೆಗೂ ಹೋಯಿತು. ಆಳ್ವರು ಪೆನ್ನಿನ ಮುಚ್ಚಳ ತೆಗೆದು ಹಾಳೆಯ ಮೇಲೆ ಬಗ್ಗಿದರು. ಸುಮಾರು ಹೊತ್ತು ಹಾಗೇ ಇದ್ದು, ಮುಚ್ಚಳ ಹಾಕಿ, ಹಾಳೆಯನ್ನು ಡ್ರಾಯರಿನಲ್ಲಿಟ್ಟರು. ನಾಳೆ ಮಾಡುತ್ತಾರೆ ಎಂದುಕೊಂಡೆ.

ನಾಳೆ ಆಗಲಿಲ್ಲ. ಒಂದು ವಾರ, ಎರಡು ವಾರ. ಆಳ್ವರು ದಿನವೂ ಹಾಳೆ ತೆಗೆದು ಪಕ್ಕದಲ್ಲಿ ಬೇರೆ ಕಾಗದ ಇಟ್ಟು ಪೆನ್ಸಿಲಿನಲ್ಲಿ ಲೆಕ್ಕ ಹಾಕುತ್ತಿದ್ದರು. ಶೆಟ್ಟರಿಗೆ ಏಳು ಐವತ್ತೆಂಟು ಕೊಟ್ಟು, ಮೊಯ್ದೀನಬ್ಬರನ್ನು ಏಳು ಐವತ್ತಕ್ಕೆ ತಂದರೆ? ಅಲ್ಲಿ ಇನ್ನೊಬ್ಬರ ಬಸ್ಸಿದೆ. ಎಂಟು ಹನ್ನೆರಡಕ್ಕೆ ತಳ್ಳಿದರೆ? ಆ ಬಸ್ಸು ಮುಟ್ಟುವ ಹೊತ್ತಿಗೆ ಪಣಂಬೂರಿನ ಗೇಟು ಮುಚ್ಚಿರುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅಂಥದ್ದೊಂದು ನಿಮಿಷವನ್ನು ಅವರು ಹುಡುಕುತ್ತಿದ್ದರು. ಗಡಿಯಾರದಲ್ಲಿ ಅಂಥ ನಿಮಿಷ ಇರಲಿಲ್ಲ.

ಜೂನಿನಲ್ಲಿ ಒಂದು ದಿನ ನಾನೇ ಕೇಳಿದೆ. "ಸರ್, ತಿದ್ದದೆ ಬಿಟ್ಟಿದೆ ಅಂತ ಒಂದು ಚೀಟಿ ಕಳಿಸಿದ್ರೆ ಎಂತ? ಮುಗೀತಲ್ಲ."

"ಬಿಟ್ಟ ಮೇಲೆ ಅದು ನನ್ನ ಕೈಯಲ್ಲಿ ಉಂಟಾ ಬಾಯಿ? ಅಧ್ಯಕ್ಷರು ಬೇರೆಯವರ ಹತ್ರ ತಿದ್ದಿಸ್ತಾರೆ. ಹತ್ತು ನಿಮಿಷದ ಕೆಲಸ. ನಾನು ಹಿಡ್ಕೊಂಡಷ್ಟು ದಿನ ಮಾತ್ರ ಅದು ನಿಲ್ತದೆ."

"ಎಷ್ಟು ದಿನ ಹಿಡ್ಕೊಳ್ತೀರಿ?"

ಅವರು ಪೆನ್ಸಿಲು ಎತ್ತಿಕೊಂಡು ಮತ್ತೆ ಲೆಕ್ಕಕ್ಕೆ ಬಗ್ಗಿದರು. ನನಗೆ ಆಗ ಅವರ ಮೇಲೆ ಗೌರವವೇ ಹುಟ್ಟಿತು ಎಂದು ಒಪ್ಪಿಕೊಳ್ಳಬೇಕು. ಜನ್ಮದಲ್ಲಿ ಒಂದು ನಿಯಮ ಮುರಿಯದವರು ಒಬ್ಬ ಬಡ ಮಾಲಕನಿಗಾಗಿ ತಮ್ಮದೇ ನಿಯಮದೊಳಗೆ ಅಡಗಿ ಕೂತಿದ್ದಾರೆ ಎಂದುಕೊಂಡೆ. ಅಧ್ಯಕ್ಷರು ಬಂದು ಕೇಳಿದಾಗ, "ಸರ್ ದಿನಾ ಲೆಕ್ಕ ಹಾಕ್ತಾ ಇದ್ದಾರೆ, ಹದಿನಾರು ಮಾಲಕರ ಬಸ್ಸಿನದ್ದು," ಎಂದು ನಾನೂ ಸೇರಿ ಹೇಳಿದೆ. ಆ ಮಾತು ಸುಳ್ಳೂ ಆಗಿರಲಿಲ್ಲ.

ತಾರಾನಾಥ ಶೆಟ್ಟರು ಜೂನ್ ಕೊನೆಗೆ ಮೆಟ್ಟಿಲು ಹತ್ತಿ ಬಂದರು. ಬಿಳಿ ಅಂಗಿ, ಕೈಯಲ್ಲಿ ಕಾರಿನ ಕೀ. ನನ್ನ ಇದಿರಿನಲ್ಲಿ ಮಾತಾಡಬಾರದು ಎಂಬ ಸಂಕೋಚವೂ ಅವರಿಗಿರಲಿಲ್ಲ.

"ಎಂತ ಭಾವ, ನನ್ನ ಹಾಳೆ ಎಲ್ಲಿಗೆ ಬಂತು?"

"ಕೈಯಲ್ಲಿ ಉಂಟು."

"ಕೈಯಲ್ಲಿ ಇದ್ದು ಎರಡು ತಿಂಗಳಾಗ್ತಾ ಬಂತು. ಊರಲ್ಲಿ ಜನ ಎಂತ ಹೇಳ್ತಾರೆ ಗೊತ್ತುಂಟಾ? ಬ್ಯಾರಿ ನಿಮಗೆ ಕೊಟ್ಟಿದ್ದಾನೆ ಅಂತ. ನಾನು ನಂಬುದಿಲ್ಲ. ಆದ್ರೆ ತಂಗಿ ಪ್ರಭಾ ನಿನ್ನೆ ನಮ್ಮ ಮನೆಗೆ ಬಂದು ಕಣ್ಣೀರು ಹಾಕಿದ್ಲು."

ಆಳ್ವರ ಮುಖ ಬಾಡಿತು. "ಯಾರೂ ಎಂತದೂ ಕೊಡ್ಲಿಲ್ಲ," ಎಂದರು.

"ಹಾಗಾದ್ರೆ ಬಿಡಿ ಮಾರಾಯ್ರೆ. ವ್ಯಾಪಾರದಲ್ಲಿ ಒಬ್ಬ ಮುಂದೆ ಹೋಗ್ತಾನೆ, ಒಬ್ಬ ಹಿಂದೆ ಬೀಳ್ತಾನೆ. ಅದನ್ನು ನೀವು ಹಿಡಿದು ನಿಲ್ಲಿಸ್ಲಿಕ್ಕೆ ಆಗ್ತದಾ?"

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಆಳ್ವರದ್ದು ಅಡಕೆಗೂ ಅಲ್ಲ, ಆರು ನಿಮಿಷಕ್ಕೆ ಹೋಗುತ್ತಿತ್ತು. ಆ ದಿನದಿಂದ ಅವರು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುವುದನ್ನು ಬಿಟ್ಟರು.

ರಮ್ಜಾನ್ ಉಪವಾಸ ಶುರುವಾಗಲು ಒಂದು ವಾರ ಇರುವಾಗ ಮೊಯ್ದೀನಬ್ಬರೇ ಬಂದರು. ಅವರೂ ಆಳ್ವರೂ ತುಳುವಿನಲ್ಲಿ ಮಾತಾಡುತ್ತಿದ್ದರು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೆಟ್ಟಿಲು ಹತ್ತಿದ ಏದುಸಿರು ಇಳಿಯುವ ತನಕ ಅವರು ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು. ಜೇಬಿನಿಂದ ನಮ್ಮ ಮೇ ತಿಂಗಳ ಚೀಟಿ ತೆಗೆದು ಮೇಜಿನ ಮೇಲಿಟ್ಟರು.

"ಇದು ಬಂದು ಎರಡೂವರೆ ತಿಂಗಳಾಯ್ತು ಆಳ್ವರೇ. ಬಿಟ್ಟ ಚೀಟಿ ಬರ್ಲಿಲ್ಲ. ಕೊಟ್ಟಾರದಲ್ಲಿ ರವೂಫನ ಹತ್ರ ಯಾರೋ ಎಂತೆಂತದೋ ಹೇಳಿದ್ರಂತೆ. ನನ್ನ ಸಮಯಕ್ಕೆ ಎಂತಾದ್ರೂ ಉಂಟಾ?"

ಆಳ್ವರಿಗೆ ಇದ್ದದ್ದು ಎರಡೇ ಉತ್ತರ. ಉಂಟು ಎನ್ನಬೇಕು, ಇಲ್ಲವೇ ಹೇಳುವಂತಿಲ್ಲ ಎನ್ನಬೇಕು. ಕಟ್ಟಳೆಯ ಪ್ರಕಾರ ಎರಡನೆಯದು ಸರಿ. ಅದನ್ನು ಕೇಳಿದ್ದರೂ ಮೊಯ್ದೀನಬ್ಬರಂಥ ವ್ಯಾಪಾರಿಗೆ ಅರ್ಥವಾಗುತ್ತಿತ್ತು. ಆಳ್ವರು ಮೂರನೆಯದನ್ನು ಹೇಳಿದರು.

"ಹಾಳೆ ನನ್ನ ಕೈಯಲ್ಲಿ ಉಂಟು ಬ್ಯಾರಿಗಳೇ. ನನ್ನ ಕೈಯಲ್ಲಿ ಇರುವಷ್ಟು ದಿನ ನಿಮ್ಮ ಎಂಟು ನಾಲ್ಕಕ್ಕೆ ಎಂತದೂ ಆಗ್ಲಿಕ್ಕಿಲ್ಲ."

ಮೊಯ್ದೀನಬ್ಬರ ಮುಖ ಸಡಿಲವಾಯಿತು. "ನಿಮ್ಮ ಕೈಯಲ್ಲಿ ಉಂಟಲ್ಲ, ಸಾಕು. ಒಂದು ವಿಷಯ ತೀರ್ಮಾನ ಮಾಡ್ಲಿಕ್ಕೆ ಇತ್ತು. ಇನ್ನು ಮಾಡ್ತೇನೆ." ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ನನಗೂ ಒಂದು ನಗು ಕೊಟ್ಟು ಇಳಿದು ಹೋದರು. ಎಂಥ ವಿಷಯ ಎಂದು ಆಳ್ವರು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಅದು ಗೊತ್ತಾದದ್ದು ಸೆಪ್ಟೆಂಬರಿನಲ್ಲಿ, ಹಬ್ಬ ಕಳೆದು ಒಂದು ವಾರಕ್ಕೆ. ರವೂಫ್ ಯಾವುದೋ ಅರ್ಜಿಗೆ ಸಹಿ ಹಾಕಿಸಲು ಬಂದಿದ್ದ. ಆಳ್ವರು ಬ್ಯಾಂಕಿಗೆ ಹೋಗಿದ್ದರು. ಅವನು ನನ್ನ ಮೇಜಿನ ಮೇಲೆ ಒಂದು ಸಣ್ಣ ಡಬ್ಬಿ ಇಟ್ಟ. "ಮನೆಯಲ್ಲಿ ಮಾಡಿದ್ದು ಬಾಯಮ್ಮ, ಖೈರು ಕೊಟ್ಟದ್ದು," ಎಂದ. ಹೇಗಿದ್ದೀರಿ ಎಂದು ಸುಮ್ಮನೆ ಕೇಳಿದೆ.

"ಇದ್ದೇವೆ. ನನ್ನ ವೀಸಾ ಬಂದಿತ್ತು ಬಾಯಮ್ಮ. ಶಾರ್ಜಾದಲ್ಲಿ ಕಂಪೆನಿಯ ಬಸ್ಸಿಗೆ ಡ್ರೈವರ್. ರಮ್ಜಾನ್ ಶುರುವಾಗುವ ಮೊದಲು ಹೌದು ಇಲ್ಲ ಹೇಳ್ಬೇಕಿತ್ತು. ಬಸ್ಸಿನ ಸಮಯಕ್ಕೆ ತೊಂದರೆ ಉಂಟಾದ್ರೆ ಹೋಗು, ಇಲ್ಲದಿದ್ರೆ ಇಲ್ಲೇ ಇರು ಅಂತ ಮಾಮ ಹೇಳಿದ್ರು. ಆಳ್ವರ ಹತ್ರ ಕೇಳಿ ಬಂದ ಮೇಲೆ ಬೇಡ ಅಂತ ಬರೆದೆವು. ವೀಸಾ ನನ್ನ ದೊಡ್ಡಪ್ಪನ ಮಗನಿಗೆ ಹೋಯ್ತು. ಅವ ಮೊನ್ನೆ ವಿಮಾನ ಹತ್ತಿದ." ಅವನು ನಕ್ಕ. "ಒಳ್ಳೆದೇ ಆಯ್ತು. ಖೈರುಗೆ ಏಳು ತಿಂಗಳು. ಇಲ್ಲೇ ಬಸ್ಸು ಉಂಟಲ್ಲ."

ಅವನು ಹೋದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆಳ್ವರ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ನನ್ನ ಮೇಲೆ ಬಂತು. ನಾವಿಬ್ಬರೂ ಸೇರಿ ಒಬ್ಬನಿಗೆ ನೆರಳು ಕೊಡುತ್ತಿದ್ದೇವೆ ಎಂದು ಬೀಗುತ್ತಾ ಅವನ ದಾರಿಗೇ ಅಡ್ಡ ನಿಂತಿದ್ದೆವು. ಮೇ ತಿಂಗಳಲ್ಲೇ ಬಿಟ್ಟ ಚೀಟಿ ಹೋಗಿದ್ದರೆ ರವೂಫ್ ಶಾರ್ಜಾದಲ್ಲಿರುತ್ತಿದ್ದ, ಬಸ್ಸು ಹೋದರೂ ಮನೆ ನಿಲ್ಲುತ್ತಿತ್ತು.

ಆಳ್ವರು ಬಂದ ಕೂಡಲೇ ಹೇಳಿದೆ. ಮೆತ್ತಗೆ ಹೇಳಲಿಲ್ಲ. ಅವರು ನಿಂತುಕೊಂಡೇ ಕೇಳಿದರು. ಕೊಡೆಯನ್ನು ಮೂಲೆಗೆ ಒರಗಿಸಿದರು, ಅದು ಜಾರಿ ಬಿತ್ತು, ಎತ್ತಲಿಲ್ಲ. ಕುರ್ಚಿಯಲ್ಲಿ ಕೂತು ಡ್ರಾಯರು ಎಳೆದು ಹಾಳೆ ತೆಗೆದರು. ಬ್ಲೇಡಿನಿಂದ ಶೆಟ್ಟರ ಬಸ್ಸಿನ ಸಾಲು ಕೆರೆದು ಏಳು ಐವತ್ತೆಂಟು ಎಂದು ಬರೆದರು, ಮುಂದಿನ ಸ್ಟಾಪುಗಳ ಸಮಯ ತುಂಬಿದರು, ಕೆಳಗೆ ಸಹಿ ಹಾಕಿದರು. ಅವರೇ ಹಿಂದೆ ಹೇಳಿದ್ದು ಸರಿ, ಹತ್ತು ನಿಮಿಷ ಕೂಡ ಆಗಲಿಲ್ಲ.

"ಚೀಟಿ ಹೊಡಿರಿ ಬಾಯಿ. ತಿದ್ದಿ ಬಿಟ್ಟಿದೆ."

ನಾನು ಕಾಗದ ಏರಿಸಿದೆ. ತಾರೀಕಿನ ಜಾಗಕ್ಕೆ ಬಂದಾಗ ಕೈ ನಿಂತಿತು. "ಸರ್, ಕೈಗೆ ತೆಗೊಂಡ ತಾರೀಕು ಬಿಟ್ಟುಬಿಡ್ಲಾ? ಯಾರು ಕೇಳ್ತಾರೆ? ಈಗ ಆದ ಹಾಗೆ ಇರ್ತದೆ."

ಅವರು ನನ್ನನ್ನು ನೋಡಿದ ರೀತಿ ನನಗೆ ಇಷ್ಟವಾಗಲಿಲ್ಲ, ಏಕೆಂದರೆ ಅವರಿಗೂ ಆ ಯೋಚನೆ ಬಂದಿತ್ತು ಎಂದು ಅದರಲ್ಲಿ ಕಾಣುತ್ತಿತ್ತು. ರಿಜಿಸ್ಟರು ಬಿಡಿಸಿ ನೋಡಿ, "ಹಾಕಿ. ಮೇ ಹನ್ನೆರಡು," ಎಂದರು.

ಹದಿನೈದು ಚೀಟಿಗಳನ್ನು ಅಣ್ಣು ಒಯ್ದ. ಹದಿನಾರನೆಯದನ್ನು ಆಳ್ವರು ಜೇಬಿಗೆ ಹಾಕಿಕೊಂಡರು. ನನ್ನ ಮನೆ ರೊಸಾರಿಯೋ ಇಗರ್ಜಿಯ ಹತ್ತಿರ, ಬಂದರಿಗೆ ಹೋಗುವ ದಾರಿಯಲ್ಲೇ. ಸಂಜೆ ಐದೂವರೆಗೆ ಇಬ್ಬರೂ ನಡೆದು ಹೊರಟೆವು. ದಾರಿಯಲ್ಲಿ ಅವರು ಒಂದೇ ಸಲ ಮಾತಾಡಿದರು. "ಬ್ಯಾರಿಗಳಿಗೋಸ್ಕರ ಹಿಡ್ಕೊಂಡೆ ಅಂತ ನಾನೇ ನಂಬಿದ್ದೆ ಬಾಯಿ. ಅಲ್ಲ. ಎಂಟು ನಾಲ್ಕು ತೆಗೊಳ್ಳಿ ಅಂತ ಹೇಳಿದವ ನಾನು. ಆ ಮಾತನ್ನು ನನ್ನ ಕೈಯಲ್ಲೇ ಕೆರೆದು ತೆಗಿಲಿಕ್ಕೆ ನನಗೆ ಆಗ್ಲಿಲ್ಲ. ಅಷ್ಟೇ."

ನನ್ನ ಮನೆಯ ಓಣಿ ಬಂದಾಗ ನಾನು ತಿರುಗಲಿಲ್ಲ. ತಿರುಗಬಹುದಿತ್ತು.

ಮೊಯ್ದೀನಬ್ಬರ ಮನೆಯ ಜಗಲಿಯಲ್ಲಿ ನಮ್ಮನ್ನು ಕೂರಿಸಿದರು. ಆಳ್ವರು ಅವರ ಮನೆಗೆ ಬಂದದ್ದು ಅದೇ ಮೊದಲು. ಅದಕ್ಕೆ ಅವರಿಗಾದ ಸಂತೋಷ ನೋಡಲಾಗುತ್ತಿರಲಿಲ್ಲ. ಒಳಗೆ ಹೇಳಿ ಶರಬತ್ತು ಮಾಡಿಸಿದರು. ಖೈರುನ್ನಿಸಾ ತುಂಬಿದ ಹೊಟ್ಟೆಯಲ್ಲಿ ಬಾಗಿಲ ತನಕ ಬಂದು ಲೋಟಗಳನ್ನು ರವೂಫನ ಕೈಗೆ ಕೊಟ್ಟಳು. ಆಳ್ವರು ಲೋಟ ಮುಟ್ಟದೆ ಚೀಟಿ ತೆಗೆದು ಚಾಚಿದರು. ಮೊಯ್ದೀನಬ್ಬರಿಗೆ ಕನ್ನಡ ಓದಲು ನಿಧಾನ. ಅದನ್ನು ಅಳಿಯನಿಗೆ ಕೊಟ್ಟರು.

ರವೂಫ್ ಗಟ್ಟಿಯಾಗಿ ಓದಿದ. ಹನ್ನೊಂದನೇ ಹಾಳೆ ತಿದ್ದಿ ಬಿಟ್ಟಿದೆ. ಶೆಟ್ಟರ ಬಸ್ಸಿನ ನಂಬ್ರ. ಕೊಟ್ಟಾರ ಏಳು ಐವತ್ತೆಂಟು. ಅಲ್ಲಿಗೆ ಅವನ ಸ್ವರ ಇಳಿಯಿತು. ಕೆಳಗಿನ ಸಾಲನ್ನು ಮನಸ್ಸಿನಲ್ಲೇ ಓದಿ, ಇನ್ನೊಮ್ಮೆ ಓದಿ, ತಲೆ ಎತ್ತಿದ.

"ಮೇ ಹನ್ನೆರಡು ಅಂತ ಉಂಟು. ಆಗಲೇ ಆದದ್ದಾ ಇದು?"

"ಹೌದು," ಎಂದರು ಆಳ್ವರು.

"ಮಾಮ ಕೇಳ್ಲಿಕ್ಕೆ ಬಂದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಒಳಗೆ ಖೈರುನ್ನಿಸಾ ಗೋಡೆ ಹಿಡಿದು ಕೂತದ್ದು ಬಾಗಿಲಿನಿಂದ ಕಾಣಿಸಿತು. ರವೂಫ್ ಚೀಟಿಯನ್ನು ಮಾವನ ಮೊಣಕಾಲಿನ ಮೇಲಿಟ್ಟು ಎದ್ದು ಬೀದಿಗೆ ಇಳಿದ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆಳ್ವರು ಎದ್ದು ನಿಂತು ಏನೋ ಹೇಳಲು ನೋಡಿದರು. ವೀಸಾದ ವಿಷಯ ಗೊತ್ತಿರಲಿಲ್ಲ ಎಂದೋ, ನಿಮಗೆ ಒಳ್ಳೆಯದಾಗಲಿ ಎಂದೇ ಹಿಡಿದಿದ್ದೆ ಎಂದೋ. ಅರ್ಧದಲ್ಲಿ ನಿಂತಿತು.

ಮೊಯ್ದೀನಬ್ಬರು ಚೀಟಿಯನ್ನೇ ನೋಡುತ್ತಿದ್ದರು. "ನಾನು ಕೇಳ್ಲಿಕ್ಕೆ ಅಂತಲೇ ಬಂದಿದ್ದೆ ಆಳ್ವರೇ," ಎಂದರು. ನಾವು ಹೊರಡುವಾಗ, ಬಂದವರನ್ನು ಕಳಿಸಿಕೊಡುವ ರೂಢಿಯಂತೆ ಓಣಿಯ ತುದಿಯ ತನಕ ಬಂದರು.

ಆಮೇಲೆ ಆಗಬೇಕಾದದ್ದು ಆಯಿತು. ಎಂಟು ನಾಲ್ಕರ ಬಸ್ಸಿಗೆ ಕೊಟ್ಟಾರದಲ್ಲಿ 7:58 ತಪ್ಪಿದ ಎಂಟು ಹತ್ತು ಜನ ಹತ್ತುತ್ತಿದ್ದರು. ಡಿಸೆಂಬರಿನಲ್ಲಿ ಮೊಯ್ದೀನಬ್ಬರು ಬಸ್ಸನ್ನು ಘಟ್ಟದ ಮೇಲಿನವರಿಗೆ ಮಾರಿದರು. ರವೂಫ್ ಕೆಲಸ ಹುಡುಕಿ ಕೊನೆಗೆ ತಾರಾನಾಥ ಶೆಟ್ಟರಲ್ಲಿಗೇ ಹೋದ. ಶೆಟ್ಟರು ಅವನಿಗೆ ಆ ದಾರಿಯೇ ಕೊಟ್ಟರು, ಅದೇ 7:58. ಗೊತ್ತಿರುವ ದಾರಿ, ಒಳ್ಳೆಯ ಡ್ರೈವರ್, ಅವರ ಮಟ್ಟಿಗೆ ಅಷ್ಟೇ ವಿಷಯ. ಶೆಟ್ಟರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೇಳಿದ್ದನ್ನು ಕಮಿಟಿಯ ಎದುರೇ ಕೇಳಿದ್ದರು.

ಆಳ್ವರನ್ನು ಕಮಿಟಿ ಕೆಲಸದಿಂದ ತೆಗೆಯಲಿಲ್ಲ, ಎಚ್ಚರಿಕೆಯ ಕಾಗದ ಕೊಟ್ಟಿತು. ಅದನ್ನು ಟೈಪ್ ಮಾಡಿದ್ದೂ ನಾನೇ. 1984ರಲ್ಲಿ ನಿವೃತ್ತರಾದರು, ಮೂರು ವರ್ಷ ಕಳೆದು ತೀರಿಹೋದರು. ಹೆಣದ ಹತ್ತಿರ ಕೂತಿದ್ದಾಗಲೂ ಯಾರೋ ಹಿಂದಿನಿಂದ ದುಡ್ಡು ತಿಂದ ಮಾತು ಎತ್ತಿದರು. ಅವರು ಒಂದು ರೂಪಾಯಿ ಮುಟ್ಟಿದವರಲ್ಲ ಎಂದು ತಿರುಗಿ ಹೇಳಿದೆ. ಹಾಗಾದರೆ ಏನು ಮಾಡಿದರು ಎಂದು ಕೇಳಿದ್ದರೆ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಆದರೆ ಆಳ್ವರು ಎಂದರೆ ನನಗೆ ನೆನಪಾಗುವುದು 1979ರ ಮಾರ್ಚ್ ತಿಂಗಳ ಒಂದು ಬೆಳಗು. ಮೊಯ್ದೀನಬ್ಬರು ಮತ್ತೆ ಮೆಟ್ಟಿಲು ಹತ್ತಿ ಬಂದರು. ಬಸ್ಸು ಹೋದರೂ ಹನ್ನೊಂದನೇ ಹಾಳೆಯ ಬೆನ್ನಿನ ಮೇಲೆ ಅವರ ಹೆಸರು ಉಳಿದುಬಿಟ್ಟಿತ್ತು. ಯಾರದೋ ಬಸ್ಸಿನ ಸಮಯ ಎರಡು ನಿಮಿಷ ಬದಲಾದರೂ ಅಣ್ಣು ಅವರ ಮನೆಗೆ ಚೀಟಿ ಹಾಕಿ ಬರುತ್ತಿದ್ದ.

"ನನ್ನ ಹೆಸರು ತೆಗೀರಿ ಆಳ್ವರೇ. ಇನ್ನು ಅದು ನನಗೆ ಎಂತಕ್ಕೆ? ಚೀಟಿ ಬಂದ್ರೆ ಮಗಳು ಅದನ್ನು ಹಿಡ್ಕೊಂಡು ಕೂತ್ಕೊಳ್ತಾಳೆ. ಕೈಯಲ್ಲಿ ಕೂಸುಂಟು, ಅದು ಅಳುದೂ ಕೇಳುದಿಲ್ಲ ಅವಳಿಗೆ."

ಹೆಸರು ತೆಗೆಯುವುದೂ ತಿದ್ದುಪಡಿಯೇ. ಆಳ್ವರು ಅಲ್ಮೇರಾದಿಂದ ಹಾಳೆ ತಂದು, ರಿಜಿಸ್ಟರು ಬಿಡಿಸಿ, ಹನ್ನೊಂದನೇ ಹಾಳೆಯನ್ನು ತಮ್ಮ ಕೈಗೆ ಬರೆದುಕೊಂಡರು. ಮೊಯ್ದೀನಬ್ಬರು ಎದುರಿನ ಕುರ್ಚಿಯಲ್ಲಿ ಕೂತು ಅದನ್ನೆಲ್ಲ ನೋಡುತ್ತಿದ್ದರು. ಆಳ್ವರು ಬ್ಲೇಡು ತೆಗೆಯುವಾಗ ಅವರು ಸ್ವಲ್ಪ ಮುಂದಕ್ಕೆ ಬಾಗಿದರು.

"ಇವತ್ತೇ ಬಿಡ್ತೀರಲ್ಲ?"

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಆಳ್ವರು ತಡೆದುಕೊಳ್ಳುತ್ತಿದ್ದರು. ಕೆಲಸ ಯಾವಾಗ ಆಗುತ್ತದೆ ಎಂದು ಯಾವ ಆಫೀಸಿನಲ್ಲಾದರೂ ಯಾವ ಗುಮಾಸ್ತನನ್ನಾದರೂ ಕೇಳುವ ಹಾಗೆ, ಉತ್ತರ ಏನು ಬಂದರೂ ಒಮ್ಮೆ ಬಂದು ನೋಡಿಕೊಂಡು ಹೋಗಬೇಕು ಎಂಬ ಹಾಗೆ, ಅವರು ಕೇಳಿದ್ದರು.

ಆಳ್ವರು ಹಾಳೆಯ ಮೇಲೆ ಇನ್ನಷ್ಟು ಬಗ್ಗಿದರು. "ಈಗಲೇ ಬಿಡ್ತೇವೆ," ಎಂದು ನಾನು ಹೇಳಿದೆ. ಮೊಯ್ದೀನಬ್ಬರು ತಲೆಯಾಡಿಸಿ, ಆದರೂ ಏಳದೆ, ಚೀಟಿ ತಮ್ಮ ಕೈಗೆ ಬರುವ ತನಕ ಅಲ್ಲೇ ಕೂತರು.